ಎರಕದೊಳಗಿನ ನಾಲ್ಕು

ಹಳೆಯ ಎಂಜಿನ್ ತೋರಿಸಿ ಅದರ ವಯಸ್ಸು ಕೇಳಲು ಬಂದವರು ಬಾಯಿ ತೆರೆದರೆ ಸಾಕು, ಆ ಮನುಷ್ಯ ಅಂಗೈ ಅಡ್ಡ ಹಿಡಿದುಬಿಡುತ್ತಿದ್ದರು: "ಅದಿರಲಿ. ಕತೆ ಆಮೇಲೆ." ಇದು ತಾತ ಕೊಂಡದ್ದು, ಇಂಥ ಇಸವಿಯದ್ದೆಂದು ಬಲ್ಲವರೇ ಹೇಳಿದ್ದಾರೆ, ಇದಾವುದೂ ಅವರಿಗೆ ಬೇಡ. ಆಸೆ ಕಿವಿಗೆ ಬಿದ್ದರೆ ಬೆರಳಿಗೆ ಇಳಿಯುತ್ತದೆಂಬುದು ಅವರ ಸಿದ್ಧಾಂತ. ಹೀಗಾಗಿ ಬೀದಿಯವರು ಅವರಿಗಿಟ್ಟ ಹೆಸರೇ 'ಅದಿರಲಿ ಯಜಮಾನರು'. ತಮ್ಮನ ಮಗಳಿಗೆ ಮಾತ್ರ ಅವರು ದೊಡ್ಡಪ್ಪ. ತಂದೆ ತೀರಿಕೊಂಡ ಮೇಲೆ ಗ್ಯಾರೇಜು ನಡೆಸುತ್ತಿದ್ದವಳು ಅವಳೇ.

ವಿನಯಕ್ಕೂ ದೊಡ್ಡಪ್ಪನಿಗೂ ಎಣ್ಣೆ-ಸೀಗೆಕಾಯಿ ಸಂಬಂಧ. ಯಾರಾದರೂ ಹೊಗಳಿದರೆ, ಇನ್ನೂ ಸ್ವಲ್ಪ ಉಳಿದಿರಬೇಕೆಂದು ಕಾದು ನಿಲ್ಲುವರು. ಕಡು ಬೇಸಿಗೆಯಲ್ಲೂ ಬಿಡದ ಕಂದು ಕೋಟು. ಅದರ ಎಡಜೇಬು ಗ್ರೀಸಿನಿಂದ ಕಪ್ಪು, ಬಲಜೇಬು ಶುಭ್ರ. ಎಡಗೈ ಎಂಜಿನ್ನಿಗೆ, ಬಲಗೈ ಮನುಷ್ಯರಿಗೆ ಮೀಸಲು. ಎಂಜಿನ್ನುಗಳ ಸುತ್ತ ಸುತ್ತಿ ಸುತ್ತಿ ರಸ್ತೆಯಲ್ಲೂ ಅಡ್ಡಡ್ಡ ನಡೆಯುವುದೇ ರೂಢಿಯಾಗಿತ್ತು. ಆದರೆ ಎಡಗೈಯನ್ನು ಬ್ಲಾಕಿನ ಹಿಂಬದಿಗೆ ತೂರಿಸಿ, ಕಣ್ಣು ತಲುಪದ ಜಾಗದಲ್ಲಿ, ವರ್ಷಾನುಗಟ್ಟಲೆ ಜಿಡ್ಡು ಹೊದ್ದು ಮಲಗಿದ ಎರಕದ ಅಂಕಿಗಳ ಮೇಲೆ ಹೆಬ್ಬೆರಳಾಡಿಸುತ್ತಾ ಅವರು ಎಂಜಿನ್ನಿನ ವಯಸ್ಸು ನುಡಿಯುವಾಗ ಅವಳಿಗೆ ಇವತ್ತಿಗೂ ಮೈ ಜುಮ್ಮೆನ್ನುತ್ತಿತ್ತು. ಅಂಥ ಕೈಗೆ ಎಷ್ಟು ಜಂಬವಿದ್ದರೂ ಕಡಿಮೆಯೇ ಬಿಡಿ.

ಅವಳ ತಂದೆಯ ಕಾರು ಮನೆಯ ಹಿಂದಿನ ಷೆಡ್ಡಿನಲ್ಲಿ ಎಂಜಿನ್ನಿಲ್ಲದೆ ನಿಂತಿತ್ತು. ಅವರು ಕಾಯಿಲೆ ಬಿದ್ದ ಕಾಲದಲ್ಲಿ ಎಂಜಿನ್ ಒಂದನ್ನೇ ಯಾರೋ ಕೇಳಿದರೆಂದು ಬಿಚ್ಚಿ ಮಾರಿದ್ದಾಗಿತ್ತು. ಗಂಡ ಓಣಿಯ ತಿರುವಿಗೆ ಬಂದದ್ದನ್ನು ಅದರ ಸದ್ದಿನಿಂದಲೇ ತಿಳಿಯುತ್ತಿದ್ದ ತಾಯಿ, ಆ ಸದ್ದನ್ನು ಇನ್ನೊಮ್ಮೆ ಕೇಳಬೇಕೆಂದು ಮಗಳನ್ನು ಪೀಡಿಸುತ್ತಲೇ ಇದ್ದಳು. ಕೊನೆಗೆ ಗುಜರಿಯಲ್ಲಿ ಅದೇ ಕಂಪನಿಯ ಎಂಜಿನ್ನೊಂದು ಸಿಕ್ಕಿತು. ನಂಬರಿನ ತಗಡು ಕಿತ್ತುಹೋಗಿ ಎರಡು ತೂತು ಮಾತ್ರ ಉಳಿದಿದ್ದವು. ಎರಕದಲ್ಲಿ ಇಸವಿಯ ಜಾಗದಲ್ಲಿ ನಾಲ್ಕೆಂಬ ಒಂಟಿ ಅಂಕಿ. "ಐವತ್ನಾಲ್ಕರದ್ದು, ಕಣ್ಣುಮುಚ್ಚಿ ತಗೊಳ್ಳಿ," ಎಂದ ಗುಜರಿಯವನು. ತಂದೆಯದೂ ಐವತ್ನಾಲ್ಕರದ್ದೇ. ಅಂದು ಮಾರಿದ ಎಂಜಿನ್ನೇ ಇದಿರಬೇಕೆಂದು ಅವಳು ತಡೆಯಲಾರದೆ ತಾಯಿಗೆ ಹೇಳಿಯೇಬಿಟ್ಟಳು. ತಾಯಿ ಷೆಡ್ಡು ಗುಡಿಸಲು ಪೊರಕೆ ಹಿಡಿದು ಹೊರಟಳು.

ಎಡವಿದ್ದು ಅಲ್ಲೇ. ಆ ಕಾರ್ಖಾನೆಯವರು ಎರಕದಲ್ಲಿ ಇಸವಿಯ ಕೊನೆಯ ಅಂಕಿಯನ್ನಷ್ಟೇ ಹಾಕುತ್ತಿದ್ದರು. ನಾಲ್ಕೆಂಬುದು ಹತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಯಾವ ದಶಕವೆಂಬುದನ್ನು ಅಂಕಿ ಹೇಳದು, ಎಂಜಿನ್ನಿನ ಗಾತ್ರ ಹೇಳಬೇಕು. ಐವತ್ತರ ದಶಕದ್ದು ಸಾವಿರದ ಇನ್ನೂರು ಸಿಸಿ. ಅರವತ್ತರದ್ದು ಸಾವಿರದ ಐನೂರು.

ಆ ಎಂಜಿನ್ ನೋಡಲು ಬಂದ ದಿನ ದೊಡ್ಡಪ್ಪನಿಗೆ 'ಕತೆ ಆಮೇಲೆ' ಎನ್ನುವ ಅವಕಾಶವೇ ಇರಲಿಲ್ಲ. ಕತೆ ಅವರ ಒಡಹುಟ್ಟಿದವನದು. ಹೆಬ್ಬೆರಳು ನಾಲ್ಕರ ಮೇಲೆ ಬಹಳ ಹೊತ್ತು ನಿಂತಿತು. ಆಮೇಲೆ ಕೈ ಹಿಂದೆಗೆದುಕೊಂಡು, ಯಾರಿಗೂ ಮುಟ್ಟಗೊಡದ ತಮ್ಮ ಅಳತೆಯ ವರ್ನಿಯರನ್ನು ಅವಳಿಗೆ ಕೊಟ್ಟರು. "ಇವತ್ತು ನನ್ನ ಕೈ ನಂಬಬೇಡ. ನೀನೇ ಅಳೆ, ನೀನೇ ಓದು."

ಸಿಲಿಂಡರುಗಳ ಮೇಲಿನ ಮುಚ್ಚಳ, ಹೆಡ್, ಬಿಚ್ಚಿಯಾಗಿತ್ತು. ಅವಳು ಸಿಲಿಂಡರಿನ ಬಾಯಿ ಅಳೆದಳು. ಐವತ್ನಾಲ್ಕರದ್ದಕ್ಕೆ ಇರಬೇಕಾದ್ದಕ್ಕಿಂತ ಅಗಲವಿತ್ತು.

"ಅಪ್ಪ ಬೋರ್ ಮಾಡಿಸಿ ಅಗಲ ಮಾಡಿಸಿರಬಹುದಲ್ವಾ ದೊಡ್ಡಪ್ಪ?"

"ಹೊಟ್ಟೆ ಬೆಳೆಯುತ್ತಮ್ಮ, ಎತ್ತರ ಬೆಳೆಯಲ್ಲ. ಪಿಸ್ಟನ್ ಎಷ್ಟು ಕೆಳಗೆ ಹೋಗುತ್ತೆ ನೋಡು."

ಅವರು ಪಿಸ್ಟನ್ ಏರಿಳಿಸುವ ಕ್ರ್ಯಾಂಕನ್ನು ಮೆಲ್ಲಗೆ ತಿರುಗಿಸಿದರು, ಪಿಸ್ಟನ್ ತಳಕ್ಕಿಳಿಯಿತು. ಅವಳು ಓದಿದಳು, ಒರೆಸಿ ಮತ್ತೆ ಓದಿದಳು. ಎತ್ತರವೂ ಸಾವಿರದ ಐನೂರರದ್ದೇ. ಐವತ್ತರ ದಶಕದ ಬ್ಲಾಕಿನಲ್ಲಿ ಅಷ್ಟು ದೊಡ್ಡ ಕ್ರ್ಯಾಂಕ್ ತಿರುಗಲು ಜಾಗವೇ ಇಲ್ಲವೆಂದು ಅವಳಿಗೂ ಗೊತ್ತಿತ್ತು.

"ಒಂದೇ ಒಂದು ಸಲ ಹೌದು ಅಂದ್ಬಿಡಿ. ಅಮ್ಮನಿಗೇನು ಗೊತ್ತಾಗುತ್ತೆ?"

"ಗೊತ್ತಾಗಲ್ಲ. ಅದಕ್ಕೇ ಹೇಳಬಾರದು."

ಸುದ್ದಿ ಹೇಳುವ ಕೆಲಸವನ್ನು ಅವರು ಅವಳ ತಲೆಗೆ ಕಟ್ಟಲಿಲ್ಲ. ತಾವೇ ಅಡ್ಡಡ್ಡ ನಡೆಯುತ್ತಾ ತಾಯಿಯಿದ್ದ ಷೆಡ್ಡಿಗೆ ಹೋದರು. ಅವಳು ಹಿಂದೆ ನಿಂತಳು. "ಆ ಎಂಜಿನ್ ಅರವತ್ನಾಲ್ಕರದ್ದಮ್ಮ. ಅವನದ್ದಲ್ಲ," ಎಂದರು. ಜಂಬದ ಆ ದನಿ ಅರ್ಧದಲ್ಲೇ ಒಡೆಯಿತು. ತಮ್ಮನ ಎಂಜಿನ್ ಅವರಿಗೂ ಬೇಕಿತ್ತೆಂಬುದು ಅವಳಿಗೆ ಆಗ ಹೊಳೆಯಿತು, ಸಂಕಟವಾಯಿತು.

"ಏನೂ ಅವರದ್ದಲ್ವಾ ಭಾವ? ಒಂದು ಬೋಲ್ಟೂ?"

"ಏನೂ ಅಲ್ಲ."

ತಾಯಿ ಖಾಲಿ ಬಾನೆಟ್ಟಿನೊಳಗೆ ನೋಡುತ್ತಾ ಅತ್ತಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಹಾಗಾದ್ರೆ ಇನ್ನೂ ಹುಡುಕಿ," ಎಂದಳು. "ಸಿಕ್ಕಿದ ದಿನ ನೀವು ಬಂದು ಹೌದು ಅಂದ್ರೆ ಸಾಕು. ನನಗೆ ಸ್ಟಾರ್ಟ್ ಮಾಡಿ ತೋರಿಸೋದೂ ಬೇಡ."

ಆಸೆಗೆ ತಣ್ಣೀರೆರಚುವ ಈ ಜಾತಿಯವರೊಂದಿಗೆ ಬಾಳುವುದು ಸುಲಭವಲ್ಲ. ಸಮಾಧಾನ ಹೇಳುವವರು ಬೀದಿಗೆ ಹತ್ತು ಜನ ಸಿಗುತ್ತಾರೆ, ಅವರೂ ಒಳ್ಳೆಯವರೇ. ಆದರೆ ಜನ್ಮವೆಲ್ಲ ಹುಡುಕಿದ್ದು ಒಂದು ದಿನ ಎದುರಿಗೆ ಬಂದು ನಿಂತಾಗ, ಇದು ಅದೇ ಹೌದೆಂದು ಯಾರ ಬಾಯಿಂದ ಕೇಳಬೇಕೆಂದು ಯೋಚಿಸಿ ನೋಡಿದರೆ, ನೆನಪಿಗೆ ಬರುವುದು ಹಿಂದೊಮ್ಮೆ ನಮ್ಮ ಕಣ್ಣೀರಿನ ಎದುರು ನಿಂತು ಅಲ್ಲವೆಂದವರ ಮುಖವೇ.