ಅಮ್ಮನ ಗೂಟ

ಮೂಗಿನ ತುದಿಯಲ್ಲಿ ಮತ್ತೆ ತುರಿಕೆ, ಎಡ ಹೊಳ್ಳೆಯ ಪಕ್ಕದಲ್ಲಿ, ಉಲ್ಲನ್ನಿನ ಒಂದು ನವಿರು ಎಳೆ ಹಾರಿ ಬಂದು ಕೂತಿರಬೇಕು, ಕೆರೆದುಕೊಳ್ಳೋಣವೆಂದರೆ ಎರಡು ಕೈಯೂ ಖಾಲಿಯಿಲ್ಲ, ಎದೆಯ ಮಟ್ಟಕ್ಕೆ ಎತ್ತಿ ಹಿಡಿದ ಕೈಗಳು, ನಡುವೆ ಒಂದು ಮೊಳದ ಅಂತರ, ಅಂಗೈಗೆ ಅಂಗೈ ಎದುರು, ಎರಡು ಹೆಬ್ಬೆರಳೂ ನೆಟ್ಟಗೆ ಮೇಲಕ್ಕೆ, ಕೈಗಳೆರಡನ್ನೂ ಬಳಸಿಕೊಂಡು ಇಟ್ಟಿಗೆ ಬಣ್ಣದ ಉಲ್ಲನ್ ಲಡಿ — ದಪ್ಪ ಲಡಿ, ಇನ್ನೂ ಅರ್ಧ ಕೂಡ ಕರಗಿಲ್ಲ — ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕುರ್ಚಿ ಎಳೆದುಕೊಂಡು ಕೂತ ಅಮ್ಮ, ಲಡಿಯ ಎಳೆ ಹಿಡಿದು ಸಾವಕಾಶವಾಗಿ ಉಂಡೆ ಸುತ್ತುತ್ತಿದ್ದಾಳೆ, ಹೆಬ್ಬೆರಳು ಮಡಚಬೇಡ್ವೇ, ಎಲ್ಲಾ ಜಾರಿಬಿಡತ್ತೆ, ಎನ್ನುತ್ತಾಳೆ, ಮಡಚಿಲ್ಲಮ್ಮ, ಎನ್ನುತ್ತಾಳೆ ಅವಳು, ಈ ಎರಡು ಮಾತು ಆಡಿ ಆಡಿ ಇಬ್ಬರ ಬಾಯಲ್ಲೂ ಸವೆದು ಹೋಗಿವೆ. ಗೋಡೆಯ ಗಡಿಯಾರದಲ್ಲಿ ಹನ್ನೊಂದಕ್ಕೆ ಇಪ್ಪತ್ತೈದು ನಿಮಿಷ. ಹೊಲಿಗೆ ಮಿಷನ್ನಿನ ಹಲಗೆಯ ಮೇಲೆ ಅವಳ ಫೋನ್, ಮುಖ ಮೇಲಾಗಿ, ಅಮ್ಮನ ಕೈಗೆ ಹತ್ತಿರ, ಅವಳ ಕೈಗೆ ದೂರ. ಹನ್ನೊಂದಕ್ಕೆ ಸರಿಯಾಗಿ ಮೇಲಧಿಕಾರಿ ಮೇಡಂ ಫೋನ್ ಮಾಡುತ್ತಾರೆ, ಎರಡು ಸಲ ಮಾಡ್ತೀನಿ ನೋಡಿ, ಮೂರನೇ ಸಲ ಮಾಡಲ್ಲ, ಹೌದು ಅನ್ನಿ, ಇಲ್ಲ ಅನ್ನಿ, ಇಲ್ಲಾಂದ್ರೆ ಬಡ್ತೀನ ಪಟ್ಟಿಯಲ್ಲಿ ನಿಮ್ಮ ಕೆಳಗಿರೋರಿಗೆ ಕೊಟ್ಬಿಡ್ತೀನಿ, ಅಂದಿದ್ದಾರೆ. ಅವಳು ಹೌದು ಅನ್ನುವವಳೇ. ಅದಕ್ಕೆ ಮುಂಚೆ ಅಮ್ಮನಿಗೆ ಹೇಳಬೇಕು, ಅಷ್ಟೇ, ಹನ್ನೆರಡು ದಿನದಿಂದ ಅಷ್ಟೇ, ಅಮ್ಮ, ನಾನು ಬೇರೆ ಊರಿಗೆ ಹೋಗ್ತಿದ್ದೀನಿ — ಐದು ಪದ, ದೋಸೆ ಮಗುಚುವಷ್ಟು ಹೊತ್ತೂ ಬೇಡ, ದಿನಾ ಬೆಳಿಗ್ಗೆ ನಾಲಿಗೆಯ ತುದಿಗೆ ಬಂದು ಕೂರುತ್ತವೆ, ಸಂಜೆಯ ಹೊತ್ತಿಗೆ ಮತ್ತೆ ಹೊಟ್ಟೆಗಿಳಿಯುತ್ತವೆ.

ಏನು ಯೋಚನೆ, ಕೈ ವಾಲ್ತಿದೆ, ಎನ್ನುತ್ತಾಳೆ ಅಮ್ಮ. ವಾಲಬೇಕು ಕೂಡ, ಎಳೆ ಎಡಗೈಯಿಂದ ಬಿಡುವಾಗ ಎಡಗೈ ತುಸು ಬಾಗಬೇಕು, ಬಲಗೈಯಿಂದ ಬಿಡುವಾಗ ಬಲಗೈ, ಹೆಚ್ಚು ಬಾಗಿದರೆ ಸಿಕ್ಕು, ಬಾಗದಿದ್ದರೆ ಬಿಗಿ, ಈ ವಿದ್ಯೆಯಲ್ಲಿ ಅವಳನ್ನು ಮೀರಿಸುವವರು ಈ ಭೂಮಿಯ ಮೇಲೆ ಇಲ್ಲ, ಮೂವತ್ತನಾಲ್ಕು ವರ್ಷದ ಸಾಧನೆ, ಸನ್ಮಾನ ಮಾಡಬೇಕು, ಹಾರ ಹಾಕಲು ಬಂದವರಿಗೆ ಕೈ ಜೋಡಿಸಲು ಆಗುವುದಿಲ್ಲ ಅಷ್ಟೇ. ಗೂಟ ಅಂತ ಹೆಸರಿಟ್ಟವನು ಅಣ್ಣ. ಅಮ್ಮನ ಗೂಟ. ಅವನ ಅವಳಿ ಹೆಣ್ಣುಮಕ್ಕಳು ಈಗ ಗೂಟತ್ತೆ ಅಂತ ಕರೆಯುತ್ತವೆ, ಬಾಗಿಲಲ್ಲೇ ಬಂದು ಕಾಲು ತಬ್ಬಿಕೊಂಡು, ಗೂಟತ್ತೇ, ಎಂದು, ಪ್ರೀತಿಯಿಂದಲೇ, ಅದರಲ್ಲಿ ಎಳ್ಳಷ್ಟೂ ಕುಹಕವಿಲ್ಲ, ಕುಹಕವಿದ್ದಿದ್ದರೆ ಬಯ್ಯಬಹುದಿತ್ತು. ಮೊದಲು ಲಡಿ ಹಿಡಿಯುತ್ತಿದ್ದವರು ಅಪ್ಪ, ಅಪ್ಪನ ಕೈ ನಡುಗಲು ಶುರುವಾದ ವರ್ಷ ಅವಳಿಗೆ ಒಂಬತ್ತು, ಬಾರೇ ಇಲ್ಲಿ, ಕೈ ಕೊಡು, ಎಂದಳು ಅಮ್ಮ, ಕೊಟ್ಟಳು, ಕೊಟ್ಟ ಕೈಯನ್ನು ವಾಪಸ್ಸು ಕೇಳಬೇಕೆಂದು ಆಗ ಯಾರಿಗೆ ಗೊತ್ತಿತ್ತು. ಒಂದೇ ಒಂದು ಸಲ ಕೈಬಿಟ್ಟಿದ್ದಳು, ಅದೇ ವರ್ಷ, ಕಿಟಕಿಯ ಕೆಳಗೆ ಪಕ್ಕದ ಬೀದಿಯ ಗೆಳತಿ ಹೊಸ ಸೈಕಲ್ಲಿನ ಗಂಟೆ ಬಾರಿಸಿದಳು, ಟ್ರಿಂಗ್ ಟ್ರಿಂಗ್, ಬೇಗ ಬಾರೇ, ಎಂದಳು, ಹೆಬ್ಬೆರಳು ಮಡಚಿದ್ದೂ ಗೊತ್ತಾಗಲಿಲ್ಲ, ಮೆಟ್ಟಿಲು ಇಳಿದದ್ದೂ ಗೊತ್ತಾಗಲಿಲ್ಲ, ಸೈಕಲ್ಲಿನ ಹಿಂದೆ ಕೂತು ಬೀದಿಯ ಕೊನೆಯವರೆಗೆ ಹೋಗಿ, ಗಾಳಿ ಮುಖಕ್ಕೆ ಹೊಡೆದದ್ದು ಮಾತ್ರ ಇವತ್ತಿಗೂ ನೆನಪಿದೆ, ಬಂದು ನೋಡಿದರೆ ಅಮ್ಮನ ಮಡಿಲಲ್ಲಿ ಲಡಿಯಲ್ಲ, ಹಸಿರು ಉಲ್ಲನ್ನಿನ ಒಂದು ಪೊದೆ. ಅಮ್ಮ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಮೂರು ದಿನ ಕಿಟಕಿಯ ಪಕ್ಕ ಕೂತು ತುಟಿಪಿಟಕ್ ಎನ್ನದೆ ಸಿಕ್ಕು ಬಿಡಿಸಿದಳು, ಮೂರನೆಯ ದಿನ ಅಣ್ಣ ಟೋಪಿಯಿಲ್ಲದೆ ಹಾಸ್ಟೆಲ್ಲಿಗೆ ರೈಲು ಹತ್ತಿದ, ಅಲ್ಲಿ ಚಳಿಗೆ ಕಿವಿ ಸೋರಿತು, ಆವತ್ತಿನಿಂದ ಅವನ ಕಿವಿಯ ಕಥೆಗೆಲ್ಲ ಅವಳೇ ಕಾರಣ — ಹೆಂಡತಿ ಕರೆದಾಗ ಮಾತ್ರ ಕೇಳಿಸದ ಕಿವಿ ಅದು, ಅದಕ್ಕೂ ಅವಳೇ ಕಾರಣ. ಪ್ರತಿ ವರ್ಷ ರಜೆಗೆ ಎಲ್ಲ ಸೇರಿದಾಗ ಊಟದ ಮೇಜಿನಲ್ಲಿ ಯಾರಾದರೊಬ್ಬರು ಆ ಸೈಕಲ್ ಕಥೆ ಎತ್ತುತ್ತಾರೆ, ಎಲ್ಲರೂ ನಗುತ್ತಾರೆ, ಅವಳೂ ನಗುತ್ತಾಳೆ, ಅಮ್ಮ ಮಾತ್ರ ನಗದೆ, ಪಾಪ ಚಿಕ್ಕವಳು, ಆಮೇಲೆ ಒಂದು ದಿನಾನೂ ಬಿಟ್ಟಿಲ್ಲ ನನ್ನ ಮಗಳು, ಎನ್ನುತ್ತಾಳೆ, ಹೊಗಳಿಕೆ ಅದು, ಮೊಳೆ ಹೊಡೆದ ಹಾಗೆ ಇಳಿಯುವ ಹೊಗಳಿಕೆ.

ಹನ್ನೊಂದಕ್ಕೆ ಹದಿನೆಂಟು. ನಾಲ್ಕಾಯ್ತು, ಇನ್ನೂ ಆರು ಉಳಿದಿದೆ, ಎಂದು ಅಮ್ಮ ಲೆಕ್ಕ ಹೇಳುತ್ತಾಳೆ, ಅಣ್ಣನ ಟೋಪಿ ಆಯ್ತು, ಅತ್ತಿಗೆಯ ಕೈಗವಸು ಆಯ್ತು, ಅವಳಿಗಳ ಕಾಲುಚೀಲ ಆಯ್ತು, ತಂಗಿಗೆ, ತಂಗಿಯ ಗಂಡನಿಗೆ, ಅವರ ಕೈಗೂಸಿಗೆ, ಹಲ್ಲಿನ ಡಾಕ್ಟರಿಗೆ ಕನ್ನಡಕ ಇಡುವ ಚೀಲ, ಕೆಳಗಿನ ಮನೆಯ ಟೈಲರಮ್ಮನಿಗೆ ಟೀ ಕೆಟಲ್ಲಿಗೆ ಹೊದಿಸುವ ಮುಸುಕು, ಟೈಲರಮ್ಮನ ನಾಯಿಗೂ ಒಂದು ಅಂಗಿ, ಎಲ್ಲಾ ಒಂದೇ ಬಣ್ಣ, ವರ್ಷಕ್ಕೊಂದು ಬಣ್ಣ, ಫೋಟೋದಲ್ಲಿ ಒಂದೇ ಮನೆಯೋರು ಅಂತ ಕಾಣ್ಬೇಕಲ್ಲ, ಎನ್ನುತ್ತಾಳೆ. ಫೋಟೋ ತೆಗೆಯುವವಳು ಅವಳು, ಆದ್ದರಿಂದ ಫೋಟೋದಲ್ಲಿ ಅವಳಿಲ್ಲ, ಪಟ್ಟಿಯಲ್ಲೂ ಇಲ್ಲ, ನಾಯಿ ಇದೆ. ಒಂದು ಸಲ ಕೇಳಿದ್ದಳು, ನನಗೇನಮ್ಮ, ಎಂದು, ನಿನಗ್ಯಾಕೇ, ನೀನು ಇಲ್ಲೇ ಇರ್ತೀಯಲ್ಲ, ಬೇಕಾದಾಗ ಹೆಣೆದುಕೊಟ್ರಾಯ್ತು, ಎಂದಿದ್ದಳು ಅಮ್ಮ, ನಿಜ, ಇಲ್ಲೇ ಇರುವವರಿಗೆ ಯಾರಾದರೂ ಉಡುಗೊರೆ ಕೊಡುತ್ತಾರೆಯೇ, ಬಾಗಿಲಿಗೆ ಕೊಡುತ್ತಾರೆಯೇ, ಕುರ್ಚಿಗೆ ಕೊಡುತ್ತಾರೆಯೇ. ಹೋದ ವರ್ಷದ ಹಿಂದಿನ ವರ್ಷ ನೀಲಿ. ನೀಲಿಯ ನೆನಪು ಬರಬಾರದು ಈಗ — ಬಂತು. ರೈಲು ನಿಲ್ದಾಣದ ಕಳೆದುಹೋದ ವಸ್ತುಗಳ ಕೌಂಟರು, ಅವಳ ಕೆಲಸ ಅದೇ, ಹದಿನೇಳು ವರ್ಷದಿಂದ, ಜನ ಮರೆತು ಹೋದದ್ದಕ್ಕೆ ಚೀಟಿ ಕಟ್ಟುವುದು, ಛತ್ರಿ ಒಂದು, ಕೈಗವಸು ಎಡಗೈ ಒಂದು, ಹಲ್ಲಿನ ಸೆಟ್ಟು ಮೇಲಿನದು ಒಂದು, ರಜೆ ಮುಗಿದ ಮಾರನೆಯ ಬೆಳಿಗ್ಗೆ ಗುಡಿಸುವವಳು ಒಂದು ಪ್ಲಾಸ್ಟಿಕ್ ಚೀಲ ತಂದಿಟ್ಟಳು, ಸೀಟಿನ ಕೆಳಗಿತ್ತು ಮೇಡಂ, ಎಂದಳು, ಒಳಗೆ ನೀಲಿ ಟೋಪಿ, ನೀಲಿ ಕೈಗವಸು, ಪುಟ್ಟ ನೀಲಿ ಕಾಲುಚೀಲ ಎರಡು ಜೊತೆ, ಎಲ್ಲದರ ಅಂಚಿನ ಒಳಮಡಿಕೆಯಲ್ಲಿ ಒಂದೇ ಒಂದು ಸಾಲು ಬಿಳಿ ಎಳೆ, ಅಮ್ಮನ ಗುರುತು, ಹೊರಗೆ ಕಾಣುವುದಿಲ್ಲ. ಅಣ್ಣನಿಗೆ ಫೋನ್ ಮಾಡಿದರೆ, ಓ ಅದಾ, ಇರ್ಲಿ ಬಿಡೇ, ಮನೇಲಿ ಅಂಥವು ಒಂದು ಪೆಟ್ಟಿಗೆ ತುಂಬ ಇದೆ, ಅಮ್ಮಂಗೆ ಹೇಳ್ಬೇಡ ಮತ್ತೆ, ಎಂದ. ಹೇಳಲಿಲ್ಲ. ಚೀಟಿ ಕಟ್ಟಿದಳು, ಆರು ತಿಂಗಳು ಕಾಯಬೇಕೆಂಬ ನಿಯಮ, ಕಾದಳು, ಯಾರೂ ಬರಲಿಲ್ಲ, ಅಮ್ಮನ ಬೆರಳು ಬಾತುಕೊಂಡಾಗ ಬಿಸಿನೀರು ಕಾಯಿಸಿ ಕೊಡುವವಳೂ ಅವಳೇ, ಒಂದೊಂದು ಗೆಣ್ಣನ್ನೂ ನೀವುತ್ತಾ ಆ ನೀಲಿ ಚೀಲವನ್ನು ಗಂಟಲಲ್ಲಿ ಇಟ್ಟುಕೊಂಡು ಕೂರುತ್ತಾಳೆ.

ಹೇಳು, ಈಗ ಹೇಳು, ಹನ್ನೊಂದಕ್ಕೆ ಹತ್ತು. ಬಂದರಿನ ಊರಿನ ದೊಡ್ಡ ನಿಲ್ದಾಣ, ಅದೇ ವಿಭಾಗಕ್ಕೆ ಅವಳೇ ಮುಖ್ಯಸ್ಥೆ, ಇರಲು ಒಂದು ಕೋಣೆ ಕೊಡುತ್ತಾರೆ, ಮೇಡಂ ಫೋಟೋ ತೋರಿಸಿದ್ದರು, ಒಂದು ಮಂಚ, ಒಂದು ಒಲೆ, ಪ್ಲಾಟ್‌ಫಾರ್ಮಿನ ಕಡೆಗೆ ಒಂದು ಕಿಟಕಿ, ಕುರ್ಚಿ ಒಂದೇ. ಒಂದೇ ಕುರ್ಚಿ! ಅದನ್ನು ನೆನೆದರೆ ಎದೆಯೊಳಗೆ ಏನೋ ಅಗಲವಾಗುತ್ತದೆ, ಎದುರು ಯಾರೂ ಕೂರಲಾಗದ ಕೋಣೆ. ಅಮ್ಮ, ಎನ್ನುತ್ತಾಳೆ ಅವಳು. ಹ್ಞೂಂ, ಎನ್ನುತ್ತಾಳೆ ಅಮ್ಮ, ಉಂಡೆ ತಿರುಗಿಸುತ್ತಾ. ಅಮ್ಮ, ನಾನು ನಿನಗೊಂದು — ತಾಳು ತಾಳು, ಇಲ್ಲೊಂದು ಗಂಟಿದೆ, ಎನ್ನುತ್ತಾಳೆ ಅಮ್ಮ, ಕನ್ನಡಕ ಕೆಳಗಿಳಿಸಿ ಎಳೆಯನ್ನು ಕಣ್ಣ ಹತ್ತಿರ ಹಿಡಿದು, ಅಂಗಡಿಯೋರು ಈಚೀಚೆಗೆ ಗಂಟಿರೋದನ್ನೇ ಕೊಡ್ತಾರೆ, ಏನೋ ಅಂತಿದ್ದೆ, ಹೇಳು. ಅಟ್ಟದ ಮೇಲಿನ ರಾಟೆ ಮುರಿದಿಲ್ಲ ಅಮ್ಮ. ಇದು ಬಾಯಿಂದ ಬಂತೇ? ಇಲ್ಲ, ಬರಲಿಲ್ಲ, ಒಳಗೇ ಆಡಿದ ಮಾತು. ಹನ್ನೊಂದು ವರ್ಷದ ಹಿಂದೆ ತಂಗಿ ತಂದುಕೊಟ್ಟ ಮರದ ರಾಟೆ, ಛತ್ರಿಯ ಹಾಗೆ ಬಿಚ್ಚಿಕೊಳ್ಳುವಂಥದು, ಲಡಿಯನ್ನು ಅದಕ್ಕೆ ತೊಡಿಸಿ ತಿರುಗಿಸಿದರೆ ಯಾರ ಕೈಯೂ ಬೇಡ, ಎರಡು ಸಲ ಬಳಸಿ ಅಮ್ಮ, ಅಯ್ಯೋ, ಮುರಿದೇ ಹೋಯ್ತು ಕಣೇ, ಎಂದು ಮೇಲೆ ಹಾಕಿಸಿದಳು, ಹೋದ ವಾರ ರಟ್ಟಿನ ಡಬ್ಬಿ ಹುಡುಕಲು ಅಟ್ಟ ಹತ್ತಿದಾಗ ಹಳೇ ಸೀರೆಯಲ್ಲಿ ಜೋಪಾನವಾಗಿ ಸುತ್ತಿಟ್ಟದ್ದು ಸಿಕ್ಕಿತು, ಬಿಚ್ಚಿದಳು, ಬೆರಳ ತುದಿಯಲ್ಲಿ ತಳ್ಳಿದಳು, ಒಂದು ಕಿರ್ರ್ ಸದ್ದಿಲ್ಲದೆ ತಿರುಗಿತು, ತಿರುಗುತ್ತಲೇ ಇತ್ತು, ಏಣಿಯ ಮೇಲೆ ನಿಂತು ಅದನ್ನು ನೋಡುತ್ತಾ ಕೋಪ ಬಂತು, ಕಣ್ಣಲ್ಲಿ ನೀರು ಬಂತು, ಯಾವುದು ಮೊದಲು ಬಂತೋ. ಅಮ್ಮನಿಗೆ ಬೇಕಾದದ್ದು ಉಂಡೆಯಲ್ಲ. ಮಗಳು ಎದುರಿಗೆ ಕೂರುವುದು, ಎದ್ದು ಹೋಗಲಾಗದ ಹಾಗೆ, ಅರ್ಧ ಗಂಟೆ, ಮುಕ್ಕಾಲು ಗಂಟೆ. ಅದಕ್ಕೇ ಅಮ್ಮ ನಿಧಾನವಾಗಿ ಸುತ್ತುತ್ತಾಳೆ, ಅದಕ್ಕೇ ಸುತ್ತುವಾಗ ಮಾತ್ರ ಅಪ್ಪನ ಕಥೆ ಹೇಳುತ್ತಾಳೆ, ಬೇರೆ ಹೊತ್ತಿನಲ್ಲಿ ಸೊಪ್ಪು, ಸೋಪು, ಬಾಗಿಲ ಚಿಲಕ. ಇಂಥ ಪ್ರೀತಿಗೆ ಏನು ಉತ್ತರ ಕೊಡುವುದು, ರಾಟೆಯನ್ನು ಸೀರೆಯಲ್ಲಿ ಮತ್ತೆ ಹಾಗೇ ಸುತ್ತಿಟ್ಟು ಡಬ್ಬಿ ಹಿಡಿದು ಕೆಳಗಿಳಿದಳು, ಸಿಕ್ತಾ, ಎಂದಳು ಅಮ್ಮ, ಸಿಕ್ತು, ಎಂದಳು ಅವಳು.

ಗಂಟು ಬಿಚ್ಚಿತು ನೋಡು, ಎನ್ನುತ್ತಾಳೆ ಅಮ್ಮ, ಎಳೆ ಮತ್ತೆ ಓಡುತ್ತದೆ, ಎಡಗೈ, ಬಲಗೈ, ಎಡಗೈ, ತೋಳು ನೋಯುತ್ತಿದೆ, ಹೆಗಲ ಸಂದಿಯಲ್ಲಿ ಹಳೆಯ ಚಳುಕು, ಹನ್ನೊಂದಕ್ಕೆ ಮೂರು, ಎರಡು, ಹೆಬ್ಬೆರಳು ಮಡಚಿದರೆ ಸಾಕು, ಮಾತೇ ಬೇಡ, ಎರಡು ಹೆಬ್ಬೆರಳು ಮಡಚಿ ಲಡಿಯನ್ನು ಕುರ್ಚಿಯ ಬೆನ್ನಿಗೆ ತೊಡಿಸಿದರೆ ಮುಗಿಯಿತು, ಕುರ್ಚಿಯ ಬೆನ್ನು ಹೇಳಿ ಮಾಡಿಸಿದ ಹಾಗಿದೆ — ಫೋನ್ ಬಡಿದುಕೊಳ್ಳುತ್ತದೆ. ಹಲಗೆಯ ಮೇಲೆ ಗುರ್ ಗುರ್ ಎಂದು ನಡುಗುತ್ತಾ ಜರುಗುತ್ತಿದೆ, ಅಮ್ಮ ಕತ್ತು ಚಾಚಿ ನೋಡುತ್ತಾಳೆ, ನಿಮ್ಮ ಆಫೀಸಿನ ಆ ಮೇಡಂ ಕಣೇ, ಎನ್ನುತ್ತಾಳೆ, ರಜೆ ದಿನಾನೂ ಬಿಡಲ್ಲ, ಆಮೇಲೆ ಮಾಡಿದ್ರಾಯ್ತು, ಇನ್ನೇನು ನಾಲ್ಕು ಸುತ್ತು. ನಾಲ್ಕಲ್ಲ, ನಲವತ್ತಿದೆ. ಅಮ್ಮ, ಅದನ್ನ ತಗೋಬೇಕು, ಎನ್ನುತ್ತಾಳೆ ಅವಳು, ದನಿ ಯಾರದೋ, ಒಂಬತ್ತು ವರ್ಷದವಳದು. ತಗೋ, ಯಾರು ಬೇಡ ಅಂದ್ರು, ಎನ್ನುತ್ತಾಳೆ ಅಮ್ಮ, ಸುತ್ತುವುದನ್ನು ನಿಲ್ಲಿಸಿ, ಉಂಡೆ ಮಡಿಲಲ್ಲಿ, ಕಣ್ಣು ಅವಳ ಹೆಬ್ಬೆರಳುಗಳ ಮೇಲೆ, ಸುಮ್ಮನೆ, ಆ ಮೂರು ದಿನದ ಸುಮ್ಮನೆ. ಟ್ರಿಂಗ್ ಟ್ರಿಂಗ್, ಬೇಗ ಬಾರೇ. ಫೋನ್ ನಿಂತಿತು. ಅಮ್ಮ ಮತ್ತೆ ಎಳೆ ಹಿಡಿಯುತ್ತಾಳೆ, ಈಗ ದನಿ ಮೆತ್ತಗಾಗಿದೆ, ಈ ವರ್ಷ ನಿನಗೂ ಒಂದು ಜೊತೆ ಕೈಗವಸು ಹೆಣೀತಿದ್ದೀನಿ, ಎನ್ನುತ್ತಾಳೆ, ಈ ಲಡಿ ನಿನ್ನದೇ. ನನಗಾ. ಹ್ಞೂಂ, ಬಂದರಿನ ಕಡೆ ಗಾಳಿ ಜಾಸ್ತಿಯಂತಲ್ಲ, ಎನ್ನುತ್ತಾಳೆ ಅಮ್ಮ, ತಲೆ ಎತ್ತದೆ, ಟೈಲರಮ್ಮ ಹೇಳಿದ್ಲು, ನಿಮ್ಮ ಆಫೀಸಿನ ಗುಡಿಸೋಳು ಅವಳ ಹತ್ರ ರವಿಕೆ ಹೊಲಿಸ್ತಾಳಲ್ಲ, ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ, ಹೋಗು ಅನ್ನೋದಕ್ಕೂ ನನಗೆ ಬಾಯಿ ಬರಲ್ಲ, ಬೇಡ ಅನ್ನೋದಕ್ಕೂ ಬರಲ್ಲ, ಅಳತೆ ಏನೂ ಬೇಕಾಗಿಲ್ಲ, ಇಷ್ಟು ವರ್ಷ ಈ ಕೈಗಳನ್ನೇ ನೋಡಿದ್ದೀನಿ.

ಫೋನ್ ಎರಡನೆಯ ಸಲ ಬಡಿದುಕೊಳ್ಳುತ್ತದೆ. ಗೊತ್ತಿತ್ತೇ, ಅಮ್ಮನಿಗೆ ಗೊತ್ತಿತ್ತು, ಹನ್ನೆರಡು ದಿನವೂ ಗೊತ್ತಿತ್ತೇ, ಹಾಗಾದರೆ ಹೇಳುವುದೇನೂ ಉಳಿದಿಲ್ಲ, ಬಾಗಿಲು ತೆರೆದೇ ಇದೆ, ಮಡಚಬಹುದು, ಈಗ ಮಡಚಬೇಕು, ಗುರ್ ಎನ್ನುತ್ತದೆ, ಅಮ್ಮ ಈ ಸಲ ನಿಲ್ಲಿಸುವುದಿಲ್ಲ, ಸುತ್ತುತ್ತಾಳೆ, ಬಾತ ಗೆಣ್ಣುಗಳಲ್ಲಿ ಎಂದೂ ಇಲ್ಲದ ವೇಗ, ಬೇಗ ಮುಗಿಸಿ ಬಿಟ್ಟುಕೊಡಲೋ, ಕಟ್ಟಿಹಾಕಲೋ, ಇಟ್ಟಿಗೆ ಬಣ್ಣದ ಎಳೆ ಎಡಗೈಯಿಂದ ಬಲಗೈಗೆ ಬಲಗೈಯಿಂದ ಎಡಗೈಗೆ ಹಾರುತ್ತಿದೆ, ಅವಳ ಕೈಗಳು ತಾವಾಗಿಯೇ ಬಾಗುತ್ತಿವೆ, ಎಡ, ಬಲ, ಎಷ್ಟು ಚೆನ್ನಾಗಿ ಬಾಗುತ್ತಿವೆ, ಹೆಬ್ಬೆರಳಿಗೆ ಹೇಳುತ್ತಾಳೆ, ಮಡಚು, ಅದು ಕೇಳುವುದಿಲ್ಲ, ಗುರ್ ಗುರ್, ಹಲಗೆಯ ಅಂಚಿನವರೆಗೆ ಬಂತು, ಬೀಳುತ್ತದೆ, ಬೀಳಲಿಲ್ಲ, ನಿಂತಿತು. ಮೂರನೇ ಸಲ ಮಾಡಲ್ಲ ನೋಡಿ. ಮುಗೀತು, ಎನ್ನುತ್ತಾಳೆ ಅಮ್ಮ, ಏದುಸಿರು ಬಿಡುತ್ತಾ, ಎಳೆಯ ಕೊನೆಯನ್ನು ಉಂಡೆಯೊಳಗೆ ಸಿಕ್ಕಿಸಿ ಬುಟ್ಟಿಗೆ ಹಾಕಿ ಎದ್ದು, ಕೈ ಇಳಿಸೇ, ಎಂದು ಅಡುಗೆಮನೆಗೆ ಹೋಗುತ್ತಾಳೆ, ನಲ್ಲಿಯ ನೀರು, ಪಾತ್ರೆಯ ಸದ್ದು, ಚಹಾ ಮಾಡ್ಲಾ, ಎಂದು ಒಳಗಿಂದ. ಇಳಿಸಬಹುದು. ಮೂಗು ಕೆರೆದುಕೊಳ್ಳಬಹುದು. ತಾನೇ ಫೋನ್ ಮಾಡಬಹುದು, ಹನ್ನೊಂದು ದಾಟಿ ಎರಡೇ ನಿಮಿಷ, ಎರಡು ನಿಮಿಷಕ್ಕೆ ಯಾರೂ ಬೇರೆಯವರಿಗೆ ಕೊಟ್ಟುಬಿಡುವುದಿಲ್ಲ, ಎದ್ದು ನಾಲ್ಕು ಹೆಜ್ಜೆ ಇಟ್ಟರೆ ಫೋನ್, ಏಳಬೇಕು, ಮೊದಲು ಕೈ ಇಳಿಸಬೇಕು, ಎದೆಯ ಮಟ್ಟದಲ್ಲಿ ಎರಡು ಕೈ, ನಡುವೆ ಒಂದು ಮೊಳದ ಅಂತರ, ಒಂದು ಎಳೆಯೂ ಇಲ್ಲ, ಏನೂ ಇಲ್ಲ, ಇಳಿಸು — ಎರಡು ಹೆಬ್ಬೆರಳು, ನೆಟ್ಟಗೆ, ಮೇಲಕ್ಕೆ — ಇಳಿಸು — ಎರಡು ಹೆಬ್ಬೆರಳು, ನೆಟ್ಟಗೆ