ಆರನೇ ಬ್ಯಾರನ್ ಇಳಿಸಿದ ದಿನ

"ಲೇ ಬೆಟ್ಟಿ, ಇನ್ನೊಂದ್ಸಲ ಅನ್ನೇ ಮುಂಡೆ. ಏನಾಗಿ ಸತ್ಲು ನಿನ್ಮಗ್ಳು?"

"ಕಾಮಾಲೆ ಬುದ್ದಿ."

"ಜೋರಾಗಿ ಅನ್ನು. ಬೆಳಿಗ್ಗೆ ಇಟ್ಟು ತಿಂದಿಲ್ವಾ?"

"ಕಾಮಾಲೆ ಬುದ್ದಿ."

"ಯಾವಾಗಿಂದ ಇತ್ತು?"

"ವರ್ಸದಿಂದ್ಲೂ ಇತ್ತು ಬುದ್ದಿ."

"ಆಂ, ಅಂಗೆ. ಸರ್ವೆ ಹುಡ್ಗಿ ಏನ್ ಕೇಳುದ್ರೂ ಅಷ್ಟೇಯ. ಬಾಯಿಂದ ಬ್ಯಾರೆ ಏನಾರ ಉದುರ್ತೋ, ನಿನ್ ಗಂಟುಮೂಟೆ ರಸ್ತೇಲಿ ಬಿದ್ದಿರ್ತದೆ. ಮಗಾಕೆ ಒಂದ್ ತೊಟ್ಟು ಆಲೂ ಸಿಗಾಕಿಲ್ಲ. ತಿಳೀತಾ?"

ತಿಳಿಯಿತು. ಈಶ್ವರಯ್ಯನವರು ಹೇಳಿದ ಮೇಲೆ ತಿಳಿಯದೆ ಏನು. ಅವರು ಮೂಗಿಗೆ ಟವೆಲು ಹಿಡಿದು ಆರು ಮಾರು ದೂರ ನಿಂತು ಹೇಳಿಕೊಡುತ್ತಿದ್ದರೆ, ನಾನು ತಲೆ ಎತ್ತದೆ ಸೊಪ್ಪು ಕಟ್ಟುತ್ತಿದ್ದೆ. ಮೂರು ಎಲೆ ಜೋಡಿಸಬೇಕು, ದಾರ ಸುತ್ತಬೇಕು, ಕಡ್ಡಿಯ ಆಚೆ ಮಗ್ಗುಲಿಗೆ ಇನ್ನು ಮೂರು. ಕಡ್ಡಿ ತುಂಬಿದರೆ ಇನ್ನೊಂದು ಕಡ್ಡಿ. ತಂಬಾಕಿನ ಅಂಟು ಬೆರಳಿಗೆ ಕರಿ ಕಟ್ಟಿಕೊಂಡು ಚರ್ಮವೇ ಆಗಿಬಿಟ್ಟಿದೆ. ಮಗಳು ಸತ್ತ ಮೇಲೆ ನನಗೆ ಅಳು ಬಂದಿಲ್ಲ. ಜನ ಏನಾದರೂ ಅಂದುಕೊಳ್ಳಲಿ, ಬರಲಿಲ್ಲ ಅಷ್ಟೇ. ಕೈ ಮಾತ್ರ ಕಟ್ಟುತ್ತಲೇ ಇರುತ್ತದೆ.

ನಾನು ಬೆಟ್ಟಮ್ಮ. ರಾಮನಾಥಪುರದಿಂದ ಎರಡು ಹರದಾರಿ ಒಳಗೆ ಈಶ್ವರಯ್ಯನವರ ಹೊಲ, ಮನೆ, ತಂಬಾಕು ಬೇಯಿಸುವ ಬ್ಯಾರನ್. ಬ್ಯಾರನ್ನಿನ ಹಿಂದೆ ತಗಡಿನ ಮೂರು ಶೆಡ್ಡು. ಒಂದರಲ್ಲಿ ನಾನು, ನನ್ನ ಮಗಳು ದಿವ್ಯಾ. ಈಗ ನಾನು, ಅವಳ ಮೂರು ತಿಂಗಳ ಕೂಸು. ಉಳಿದೆರಡರಲ್ಲಿ ನಮ್ಮ ಕಾಲೋನಿಯವರೇ. ದಿವ್ಯಾಳ ಗಂಡ ಸಕಲೇಶಪುರದ ಕಡೆ ಕಾಫಿ ತೋಟದ ಕೆಲಸಕ್ಕೆ ಹೋದವನು, ತಿಥಿಯ ದಿನ ಬಂದು ಉಂಡು ಹೋದ. ಅವನನ್ನು ಬೈಯಲೂ ನನಗೆ ಶಕ್ತಿ ಇರಲಿಲ್ಲ.

ನಾಲ್ಕು ವರ್ಷದಿಂದ ಈ ಶೆಡ್ಡಿನಲ್ಲಿದ್ದೇವೆ. ಮನೆ ನಂಬರಿಲ್ಲ. ಪಂಚಾಯ್ತಿಯವರು ಬಾಗಿಲಿಗೆ ನಂಬರ್ ಹೊಡೆಯಲು ಬಂದಾಗ ಈಶ್ವರಯ್ಯನವರೇ ಅಡ್ಡ ನಿಂತು, "ಅದೆಲ್ಲಾ ನಮ್ಮನೇದೇ ಕಣ್ರೀ, ಆಳುಗಳು ಮಲೀಕಳೋ ಜಾಗ. ನಮ್ ನಂಬ್ರದಾಗೇ ಸೇರುಸ್ಕಳಿ" ಅಂದಿದ್ದರು. ನಂಬರ್ ಬಂದರೆ ಕರೆಂಟು ಬರುತ್ತದೆ, ಕಾರ್ಡು ಬರುತ್ತದೆ, ಆಮೇಲೆ ಜಾಗ ನಮ್ಮದು ಎನ್ನುತ್ತೇವೆ ಅನ್ನುವುದು ಅವರ ಭಯ. ಕಾಗದದ ಮೇಲೆ ನಾವೂ ಅವರ ಮನೆಯವರೇ. ಜಗಲಿ ಹತ್ತಿದರೆ ಗೊತ್ತಾಗುತ್ತಿತ್ತು ಎಂಥ ಮನೆಯವರು ಅಂತ.

ಸರ್ವೆ ಹುಡುಗಿ ಬಂದದ್ದು ಹನ್ನೊಂದು ಗಂಟೆ ಹೊತ್ತಿಗೆ. ಆಶಾ ಕಾರ್ಯಕರ್ತೆ ಅನಸೂಯಮ್ಮ ಜೊತೆಗಿದ್ದರು. ಹುಡುಗಿಯ ಹೆಸರು ಶ್ರದ್ಧಾ, ಚನ್ನರಾಯಪಟ್ಟಣದ ಕಡೆಯ ಜೈನರ ಮಗಳು, ಹಾಸನದಲ್ಲಿ ಓದಿದವಳಂತೆ. ಕೊರಳಿಗೆ ಗುರುತಿನ ಚೀಟಿ, ಕೈಯಲ್ಲಿ ಟ್ಯಾಬು. ಬಸುರಿ ಬಾಣಂತಿಯರು ಎಷ್ಟು ಜನ ಸಾಯುತ್ತಾರೆ ಅಂತ ಮನೆಮನೆಗೆ ಹೋಗಿ ಕೇಳಿ ಬರೆದುಕೊಳ್ಳುವ ಸರ್ವೆ. ಗುರುಸಿದ್ದಮ್ಮನವರು, ಅಂದರೆ ಈಶ್ವರಯ್ಯನವರ ಹೆಂಡತಿ, ಜಗಲಿಯ ಮೇಲೆ ಕುರ್ಚಿ ಹಾಕಿ ಕಾಫಿ ಕೊಟ್ಟರು. ನನ್ನನ್ನು ಕೂಗಿದರು. ಕೂಸನ್ನು ಎದೆಗೆ ಒತ್ತಿಕೊಂಡು ಅಂಗಳದಲ್ಲಿ ನಿಂತೆ.

"ಈ ಮನೆಯಲ್ಲಿ ಒಟ್ಟು ಎಷ್ಟು ಜನ ಸಾರ್?"

"ನಾನು, ನಮ್ಮನೇರು, ಮಗ ಮನೋಹರ, ಮಗಳು ರಂಜಿತಾ. ಚೊಚ್ಚಲ ಎರಿಗೆಗೆ ಬಂದವ್ಳೆ, ಏಳ್ ತಿಂಗ್ಳು. ಆಮ್ಯಾಕೆ ಆಳುಗಳು ಏಳ್ ಜನ."

"ಆಳುಗಳಿಗೆ ಬೇರೆ ಮನೆ ನಂಬರ್ ಇಲ್ವಾ?"

"ಇಲ್ಲ ಕಣವ್ವ. ಎಲ್ಲಾ ಇದೇ ನಂಬ್ರ."

ಹುಡುಗಿ ಟ್ಯಾಬಿನಲ್ಲಿ ಒತ್ತಿಕೊಂಡಳು. ಒಳಗೆ ರಂಜಿತಾಳ ತಲೆಗೆ ಎಣ್ಣೆ ಹಚ್ಚುತ್ತಿದ್ದರೇನೋ, ಹರಳೆಣ್ಣೆಯ ವಾಸನೆ ಅಂಗಳದವರೆಗೂ ಬರುತ್ತಿತ್ತು. ರಂಜಿತಾ ಒಳ್ಳೆಯ ಹುಡುಗಿ. ಅದರ ಮೇಲೆ ನನಗೆ ಸಿಟ್ಟಿಲ್ಲ.

"ಹದಿನೈದರಿಂದ ನಲವತ್ತೊಂಬತ್ತು ವರ್ಷದೊಳಗಿನ ಹೆಂಗಸರು ಯಾರಾದ್ರೂ ಈ ಮನೇಲಿ ತೀರ್ಕೊಂಡಿದ್ದಾರಾ?"

"ಒಬ್ಳು. ಇವಳ ಮಗಳು. ಕಾಮಾಲೆ ಆಗಿತ್ತು. ಏನೇ ಬೆಟ್ಟಿ?"

"ಕಾಮಾಲೆ" ಅಂದೆ.

"ವಯಸ್ಸು?"

"ಇಪ್ಪತ್ತೆರಡು" ಅಂದೆ. ಅದನ್ನು ಅವರು ಹೇಳಿಕೊಟ್ಟಿರಲಿಲ್ಲ, ನನಗೇ ಗೊತ್ತಿತ್ತು.

ಹುಡುಗಿ ನನ್ನ ಕೈಯ ಕೂಸನ್ನು ನೋಡಿದಳು. "ಇದು ಅವರ ಮಗೂನಾ? ಹೆರಿಗೆ ಆಗಿ ಎಷ್ಟು ದಿನಕ್ಕೆ ತೀರ್ಕೊಂಡ್ರು? ನಲವತ್ತೆರಡು ದಿನದೊಳಗೆ ಆದ್ರೆ ಅದನ್ನ ಬೇರೆ ಬರೀಬೇಕು. ತಾಯಿ ಕಾರ್ಡ್ ಇದ್ಯಾ?"

ಕಾರ್ಡು ಇರಲಿಲ್ಲ. ದಿವ್ಯಾಳ ಸೀರೆಯ ಗಂಟಿನಲ್ಲಿತ್ತು. ಸತ್ತವರ ಬಟ್ಟೆಬರೆ ಮನೆಯಲ್ಲಿ ಇಟ್ಟುಕೊಳ್ಳಬಾರದು ಅಂತ ಗಂಟಿನ ಸಮೇತ ಅವಳ ಜೊತೆಗೇ ಗುಂಡಿಗೆ ಹಾಕಿ ಮಣ್ಣೆಳೆದಿದ್ದೆವು. ಅದರಲ್ಲಿ ಕಾರ್ಡು ಇದೆ ಅಂತ ಯಾರಿಗೆ ನೆನಪಿತ್ತು.

"ನಲ್ವತ್ತೂ ಇಲ್ಲ, ಐವತ್ತೂ ಇಲ್ಲ" ಎಂದು ಈಶ್ವರಯ್ಯನವರು ನಕ್ಕರು. "ಬಾಣಂತಿ ಆಗಿದ್ರೆ ಒಳಗೆ ಮಲಗಿರ್ತಿರ್ನಿಲ್ವೇನವ್ವಾ? ದಿನಾ ಸೊಪ್ಪು ಕಟ್ಟಾಕೆ ಬತ್ತಿದ್ಲು, ಕೇಳು ಬೇಕಾದ್ರೆ. ಕೆಲ್ಸ ಮಾಡೋಳು ಬಾಣಂತಿ ಎಂಗಾಯ್ತಾಳೆ?"

ಹುಡುಗಿಗೆ ಅದು ಸರಿ ಅನ್ನಿಸಿತೋ ಏನೋ. "ಹಾಗಾದ್ರೆ ಇಲ್ಲ ಅಂತ ಹಾಕ್ತೀನಿ" ಅಂದಳು.

ಕೆಲಸಕ್ಕೆ ಬರುತ್ತಿದ್ದಳು, ನಿಜ. ಕರೆಸಿದ್ದು ಯಾರು? ಶೆಡ್ಡಿನಲ್ಲೇ ಹೆರಿಗೆಯಾಗಿ ಹನ್ನೊಂದು ದಿನಕ್ಕೆ ಗುರುಸಿದ್ದಮ್ಮನವರು ಬಾಗಿಲ ಹೊರಗೆ ನಿಂತು, "ಕುಂತ್ಕಂಡು ಕಟ್ಟೋ ಕೆಲ್ಸ ತಾನೆ, ಅದ್ಕೇನು ರೋಗ? ಸೊಪ್ಪು ಬಾಡ್ತಾ ಅದೆ" ಅಂದಿದ್ದರು. ಹೋದಳು. ಕೂಸನ್ನು ಗೋಣಿತಾಟಿನ ಮೇಲೆ ಮಲಗಿಸಿಕೊಂಡು ಕಟ್ಟಿದಳು. ಐದನೇ ಸಲ ಬ್ಯಾರನ್ ತುಂಬುವ ಹೊತ್ತಿಗೆ ಜ್ವರ ಹಿಡಿಯಿತು. ಮೈಯಿಂದ ಕೆಟ್ಟ ವಾಸನೆ. ನಡುಕ ತಡೆಯಲಾರದೆ ಉರಿಯುವ ಬ್ಯಾರನ್ನಿನ ಗೋಡೆಗೆ ಬೆನ್ನು ಒತ್ತಿಕೊಂಡು ಕೂರುತ್ತಿದ್ದಳು, ಹಂಗೆ ಕೂತೇ ಕಟ್ಟುತ್ತಿದ್ದಳು. "ಅವ್ವ, ಗ್ವಾಡೆ ಬೆಚ್ಗದೆ ಕಣವ್ವ" ಅನ್ನುತ್ತಿದ್ದಳು.

ಆರನೇ ಬ್ಯಾರನ್ ಇಳಿಸುವ ದಿನ ರಕ್ತ ಶುರುವಾಯಿತು. ಅಂಗಳದಲ್ಲಿ ಗೂಡ್ಸ್ ಗಾಡಿ ನಿಂತಿತ್ತು, ರಾಮನಾಥಪುರದ ಹರಾಜಿಗೆ ಬೇಯಿಸಿದ ತಂಬಾಕಿನ ಬೇಲ್ ತುಂಬಿಕೊಂಡು. ಓಡಿಹೋಗಿ ಮಣ್ಣಿನಲ್ಲಿ ಅಡ್ಡ ಬಿದ್ದೆ. ಒಂದು ಮೂಲೆಯಲ್ಲಿ ಅವಳನ್ನೂ ಮಲಗಿಸಿ ಬುದ್ದಿ, ದಾರೀಲೇ ಆಸ್ಪತ್ರೆ ಅದೆ ಅಂದೆ. "ನಿನ್ ತಲೆ ನೆಟ್ಗದಾ? ರಕ್ತ ಸೋರ್ತಾ ಅದೆ. ಬೇಲ್‌ಗೆ ತಾಕುದ್ರೆ ಯಾವ ಬೋಳಿಮಗ ಗ್ರೇಡ್ ಆಕ್ತಾನೆ? ಗಾಡಿ ಓಗಿ ಬರ್ಲಿ, ಆಮ್ಯಾಕೆ ನೋಡನ" ಎಂದರು ಈಶ್ವರಯ್ಯನವರು. ಗಾಡಿ ಹೋಯಿತು. ಗೋಣಿತಾಟಿನ ನಾಲ್ಕು ಮೂಲೆ ಹಿಡಿದು ನಾವು ನಾಲ್ಕು ಹೆಂಗಸರು ಅವಳನ್ನು ರಸ್ತೆಗೆ ಹೊತ್ತೆವು. ನಾಲೆಯ ಮೋರಿ ದಾಟುವಾಗ ತಾಟು ಭಾರವಾಯಿತು. ಇಳಿಸಿ ನೋಡಿದರೆ ಮುಗಿದಿತ್ತು. ವಾಪಸು ಹೊತ್ತುಕೊಂಡು ಬಂದೆವು. ಸಾಯಂಕಾಲ ಬ್ಯಾರನ್ ಇಳಿಸಿದೆವು. ನಾನೂ ಇಳಿಸಿದೆ. ಇದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ, ಆದರೆ ಇಳಿಸಿದೆ.

"ಆರು ಬ್ಯಾರನ್" ಅಂದೆ.

ಹುಡುಗಿ ತಲೆ ಎತ್ತಿದಳು. "ಏನಮ್ಮ?"

"ಮೊದುಲ್ನೇ ಬ್ಯಾರನ್ ತುಂಬಿದ್ ದಿನ ಎರಿಗೆ ಆಯ್ತು. ಆರ್ನೇದು ಇಳ್ಸಿದ್ ದಿನ ಸತ್ಲು."

"ಏಯ್ ಬೆಟ್ಟಿ!" ಈಶ್ವರಯ್ಯನವರು ಎದ್ದರು.

"ಒಂದು ಬ್ಯಾರನ್ ಅಂದ್ರೆ ಎಷ್ಟು ದಿನ ಅಮ್ಮ?"

"ತುಂಬಿ, ಬೇಯ್ಸಿ, ಇಳ್ಸಾಕೆ ಆರ್ ದಿನ. ಅವರ್ನೇ ಕೇಳವ್ವ, ಬ್ಯಾರನ್ ಅವರ್ದೇ."

ಹುಡುಗಿಯ ತುಟಿ ಅಲುಗಿತು. ಮೂವತ್ತಾರು, ಅಂದಳು ಮೆಲ್ಲಗೆ.

"ಬೇವರ್ಸಿ ಮುಂಡೆ, ಬ್ಯಾರನ್ ಲೆಕ್ಕ ಏಳ್ತಾಳೆ! ಅವಳ್ಗೇನು ಗೊತ್ತು, ಎಬ್ಬೆಟ್ಟು! ಸುಳ್ಳು ಕಣವ್ವ, ಅಳಿಸು ಅದ್ನ."

ಅನಸೂಯಮ್ಮ ಅದುವರೆಗೂ ಕಾಫಿ ಲೋಟವನ್ನೇ ನೋಡುತ್ತ ಕೂತಿದ್ದರು. ಅವರದೂ ನಮ್ಮ ಹಾಗೇ, ಊರಲ್ಲಿ ಬಾಳಬೇಕಲ್ಲ. ದಿವ್ಯಾ ಸತ್ತಾಗ ತಮ್ಮ ಪುಸ್ತಕದಲ್ಲಿ ಬರೆದಿರಲಿಲ್ಲ. ಲೋಟ ಕೆಳಗಿಟ್ಟರು. "ಸುಳ್ಳಲ್ಲ ಸಾ" ಅಂದರು. "ಮಗಾಕೆ ಒಂದೂವರೆ ತಿಂಗ್ಳ ಸೂಜಿ ನಾನೇ ಆಕ್ಸಿದ್ದು. ಆವತ್ತಿಗೆ ಇವ್ಳು ಮಣ್ಣಾಗಿ ಒಂದು ವಾರ."

ಹುಡುಗಿ ಟ್ಯಾಬಿನ ಮೇಲೆ ಒತ್ತಿದಳು. ಹೊಸ ಪ್ರಶ್ನೆಗಳು ಬಂದವೇನೋ, ಓದಿದಳು. "ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ಗಾಡಿ ಇತ್ತಾ?"

"ಇತ್ತು."

"ಮತ್ತೆ?"

"ಬೇಲ್ ತುಂಬಿತ್ತು."

ಹುಡುಗಿ ಅದನ್ನೂ ಬರೆದುಕೊಂಡಳು. ಕಣ್ಣು ಒರೆಸಿಕೊಂಡಳು. ಅವಳಿಗೆ ಅಳು ಬಂತು, ನನಗೆ ಆಗಲೂ ಬರಲಿಲ್ಲ.

ಗುರುಸಿದ್ದಮ್ಮನವರಿಗೆ ಅಷ್ಟೊತ್ತಿಗೆ ಏನೋ ಹೊಳೆಯಿತು. ಎದೆ ಹಿಡಿದುಕೊಂಡರು. "ಅಯ್ಯೋ ಶಿವನೇ, ಈಗ ಅದೆಲ್ಲಿ ಸೇರ್ತು? ನಮ್ಮನೇಗಾ? ನಮ್ ನಂಬ್ರದಾಗೆ ಬಾಣಂತಿ ಸಾವಾ? ನನ್ ಮಗ್ಳು ತುಂಬ್ದೊಟ್ಟೇಲಿ ಒಳಗವ್ಳೆ ಕಣವ್ವಾ! ಕೇರಿಯೋರ ಸಾವು ತಂದು ನನ್ನ ಮನೆಗೆ ಬರೀಬ್ಯಾಡ. ಅವರ್ದು ಬ್ಯಾರೆ ಮನೆ ಅಂತ ಬರಿ!"

"ಬಾಯ್ಮುಚ್ಚೇ ನೀನು!" ಈಶ್ವರಯ್ಯನವರು ಹೆಂಡತಿಯ ಕಡೆ ತಿರುಗಿದರು. "ಬ್ಯಾರೆ ಮನೆ ಅಂತ ಬರುಸ್ಬುಟ್ರೆ ನಾಳೆ ಜಾಗಾನೇ ಬರುಸ್ಕತವೆ ಈ ನನ್ಮಕ್ಳು!"

"ಜಾಗ ಓದ್ರೆ ಓಗ್ಲಿ, ಮಗ್ಳು ಓದ್ರೆ?"

"ಅಳಿಸವ್ವ ಎಲ್ಲಾನೂವೆ. ಸಾವೇ ಆಗಿಲ್ಲ ಅಂತ ಆಕು." ಈಶ್ವರಯ್ಯನವರು ನನ್ನ ಕಡೆ ಬೆರಳು ತೋರಿಸಿದರು. "ನೀನು ಈಗ್ಲೇ ಶೆಡ್ ಖಾಲಿ ಮಾಡು. ನಾಳಿಂದ ಒಂದ್ ತೊಟ್ಟು ಆಲು ಆ ಪೀಡೆ ಬಾಯಿಗೆ ಬೀಳ್ಬಾರ್ದು."

ದಿನಾ ಬೆಳಿಗ್ಗೆ ಅರ್ಧ ಲೀಟರ್ ಹಾಲು. ನನ್ನ ಪಾತ್ರೆಗೆ ತಮ್ಮ ಚೆಂಬು ತಾಕದ ಹಾಗೆ ಗುರುಸಿದ್ದಮ್ಮನವರು ಮೇಲಿನಿಂದ ಹೊಯ್ಯುತ್ತಿದ್ದರು. ಅರ್ಧ ನೆಲಕ್ಕೆ ಚೆಲ್ಲುತ್ತಿತ್ತು. ಉಳಿದದ್ದರಲ್ಲಿ ಕೂಸು ಬದುಕಿತ್ತು.

ಹುಡುಗಿ ಜಗಲಿ ಇಳಿದು ನನ್ನ ಹತ್ತಿರ ಬಂದಳು. "ಅಮ್ಮಾ, ನಿಮ್ಗೆ ತೊಂದ್ರೆ ಆಗುತ್ತೆ ಅಂದ್ರೆ ತೆಗೆದುಬಿಡ್ತೀನಿ. ಇನ್ನೂ ಕಳಿಸಿಲ್ಲ. ನೀವು ಹೇಳಿ."

ಕೂಸು ನನ್ನ ಸೆರಗನ್ನು ಚೀಪುತ್ತಿತ್ತು. ಹೌದು ತೆಗಿ ಅಂದರೆ ನಾಳೆ ಹಾಲು ಸಿಗುತ್ತದೆ. ಅಷ್ಟು ಸುಲಭ. ದಿವ್ಯಾ ಸತ್ತಿಲ್ಲ ಅಂತಾಗುತ್ತದೆ, ಅಷ್ಟೇ ತಾನೆ. ಹಾಗಾದರೆ ಆ ದಿನ ತಾಟಿನಲ್ಲಿ ನಾವು ಹೊತ್ತದ್ದು ಏನು?

"ಕಳ್ಸವ್ವ" ಅಂದೆ.

"ಅಮ್ಮಾ..."

"ಕಳ್ಸು ಅಂದ್ನಲ್ಲ."

ಕಳಿಸಿದಳು. ಹೋಯಿತು ಅಂದಳು. ಇಷ್ಟೇಯಾ ಅಂತ ನನಗೆ ಅನ್ನಿಸಿತು.

"ಎಲ್ಲಿಗೋಗಿ ಸಾಯ್ತೀಯ ಸಾಯಿ, ನಡಿಯೇ ಆಚೆಗೆ!" ಈಶ್ವರಯ್ಯನವರು ಕೂಗುತ್ತಿದ್ದರು.

ನಾನು ಆಚೆಗೆ ಹೋಗಲಿಲ್ಲ. ಎಲ್ಲಿಗೆ ಅಂತ ಹೋಗಲಿ. ಕಾಲು ಮುಂದಕ್ಕೆ ಹೋಯಿತು. ಒಂದು ಮೆಟ್ಟಿಲು ಹತ್ತಿದೆ. ಎರಡು. ಮೂರು. ಜಗಲಿಯ ಮೇಲೆ ಕೆಂಪು ಸಿಮೆಂಟು, ತಣ್ಣಗಿತ್ತು. ನಾಲ್ಕು ವರ್ಷದಲ್ಲಿ ಅದನ್ನು ಮುಟ್ಟಿ ನೋಡಿರಲಿಲ್ಲ. ಬಾಗಿಲಿಗೆ ಅಡ್ಡಲಾಗಿ ಕೂತು ಕೂಸನ್ನು ಮುಂದೆ ಮಲಗಿಸಿದೆ.

"ಅಯ್ಯಯ್ಯೋ! ಇಳಿಯೇ! ಇಳಿಯೇ ಕೆಳೀಕೆ!" ಗುರುಸಿದ್ದಮ್ಮನವರು ಸೀರೆ ಎತ್ತಿಕೊಂಡು ಅಂಗಳಕ್ಕೆ ನೆಗೆದರು, ಹಿಂದೆಯೇ ಈಶ್ವರಯ್ಯನವರೂ ಇಳಿದರು.

"ಇದೇ ನಂಬ್ರ ತಾನೆ ನಂದೂವೆ" ಅಂದೆ. "ಬ್ಯಾರೆ ನಂಬ್ರ ಬರ್ಸಿಕೊಟ್ರೆ ಅಲ್ಲಿಗೋಯ್ತೀನಿ. ಅಲ್ಲೀಗಂಟ ಇದೇ ನನ್ಮನೆ. ಮಗ ಅಸ್ಕಂಡದೆ, ಆಲು ತರ್ರಿ."

ಮನೋಹರ ಹಿತ್ತಲಿಂದ ಓಡಿಬಂದ. ಕೈ ಎತ್ತಿಕೊಂಡು ಮೆಟ್ಟಿಲ ಬುಡದವರೆಗೂ ಬಂದು ನಿಂತುಬಿಟ್ಟ. ನನ್ನನ್ನು ಎಳೆಯಬೇಕಾದರೆ ಮುಟ್ಟಬೇಕು. ಅಪ್ಪನ ಮುಖ ನೋಡಿದ. ಅಪ್ಪ ಅವನ ಮುಖ ನೋಡಿದರು. ಮನೆಯವರು ಮೂವರೂ ಅಂಗಳದಲ್ಲಿ, ನಾನು ಜಗಲಿಯಲ್ಲಿ. ಬಾಗಿಲ ಹಿಂದೆ ರಂಜಿತಾ ಬಂದು ನಿಂತದ್ದು ಬಳೆಯ ಸದ್ದಿನಿಂದ ತಿಳಿಯಿತು.

"ಬನ್ರೇ ಇಲ್ಲಿ!" ಈಶ್ವರಯ್ಯನವರು ಸೊಪ್ಪು ಕಟ್ಟುವ ಚಪ್ಪರದ ಕಡೆ ಕೂಗಿದರು. "ಇವಳ್ನ ಎಳ್ದಾಕ್ರೇ! ಯಾರೇ ಅಲ್ಲಿ, ಕಿವಿ ಕೇಳ್ಸಲ್ವೇನ್ರೇ?"

ಸೊಪ್ಪು ಕಟ್ಟುತ್ತಿದ್ದ ಮೂವರು ಹೆಂಗಸರು ಎದ್ದು ನಿಂತಿದ್ದರು. ಆ ದಿನ ನನ್ನ ಜೊತೆ ತಾಟಿನ ಮೂಲೆ ಹಿಡಿದವರು. ಬರುತ್ತಾರೆ ಅಂತಲೇ ನನಗೂ ಅನ್ನಿಸಿತ್ತು, ಅವರಿಗೂ ಮಕ್ಕಳಿದ್ದಾರೆ. ಬಂದರೆ ಇಳಿದುಹೋಗುತ್ತಿದ್ದೆ, ಅವರ ಮೇಲೆ ನನಗೆ ಕೋಪ ಬರುತ್ತಿರಲಿಲ್ಲ. ಬರಲಿಲ್ಲ. ಕೈಯಲ್ಲಿದ್ದ ಎಲೆ ಕೆಳಗೆ ಹಾಕಿ, ನಿಂತಲ್ಲೇ ನೆಲದ ಮೇಲೆ ಕೂತುಕೊಂಡರು.

ಬ್ಯಾರನ್ನಿನ ಒಲೆಗೆ ನಾವು ಸೌದೆ ಹಾಕುವ ಹೊತ್ತು ಮೀರಿತ್ತು. ಶಾಖ ಇಳಿದರೆ ಒಳಗಿನ ಸೊಪ್ಪೆಲ್ಲ ಕಪ್ಪಾಗುತ್ತದೆ. ಈಶ್ವರಯ್ಯನವರು ಒಲೆಯ ಕಡೆ ನೋಡಿದರು, ನನ್ನ ಕಡೆ ನೋಡಿದರು. ಕೂಸು ಅಳಲು ಶುರು ಮಾಡಿತು. ನಾನು ಎತ್ತಿಕೊಳ್ಳಲಿಲ್ಲ. ಜೋರಾಗಿ ಅಳಲಿ ಅಂತ ಬಿಟ್ಟೆ.