ತೌಡಿನ ವಾಸನೆ ಹೋದ ಮೇಲೆ

ಮುರಳಿಯ ಅಂಗಿಯಲ್ಲಿ ತೌಡಿನ ವಾಸನೆ ಬರದೆ ತಿಂಗಳಾಗಿತ್ತು. ಅಕ್ಕಿ ಗಿರಣಿಗಳಿಂದ ಪೀಣ್ಯದ ಎಣ್ಣೆ ಕಾರ್ಖಾನೆಗೆ ಬರುವ ತೌಡಿನ ಮೂಟೆ ಇಳಿಸುವುದು ಅವನ ಕೆಲಸ. ಮದುವೆಯಾದಾಗಿನಿಂದ ಲಾವಣ್ಯ ಕೊಡವಿ ಒಗೆದದ್ದು ಆ ಧೂಳನ್ನೇ. ಈಗ ಬಕೆಟ್ಟಿನ ನೀರು ತಿಳಿಯಾಗಿಯೇ ಉಳಿಯುತ್ತಿತ್ತು. ವರ್ಷಗಟ್ಟಲೆ ಇದ್ದ ಕೆಮ್ಮೂ ನಿಂತಿತ್ತು. ಸಂತೋಷಪಡಬೇಕಾದದ್ದೇ. ಆದರೆ ಅವನು ಕಾರಣ ಹೇಳಿರಲಿಲ್ಲ.

ಆಮೇಲೆ ಒಂದೊಂದೇ ಕಣ್ಣಿಗೆ ಬೀಳತೊಡಗಿತು. ಮದುವೆಯ ಉಂಗುರ ದೇವರ ಗೂಡಿನಲ್ಲಿ, ಕುಂಕುಮದ ಬಟ್ಟಲಿನ ಹಿಂದೆ ಸಿಕ್ಕಿತು. "ಬೆರಳು ಊದ್ಕೊಂಡಿದೆ" ಎಂದ. ಊದಿರಲಿಲ್ಲ. ಹಗಲು ಫೋನ್ ಮಾಡಿದರೆ ಸ್ವಿಚ್ ಆಫ್. ಕೂದಲಲ್ಲಿ ಪೆಟ್ರೋಲಿನಂಥ ತೆಳು ವಾಸನೆ. ಬಸ್ಸಿಗೆ ಹೋಗುವವನು ಯಾರ ಸ್ಕೂಟರಿನ ಹಿಂದೆ ಕೂರುತ್ತಾನೆ? ಹಬ್ಬಕ್ಕೆ ಅವಳು ಕೊಡಿಸಿದ ಹೊಳಪಿನ ಟೆರಿಕಾಟ್ ಅಂಗಿ ಮುಟ್ಟದೆ, ಎಲ್ಲಿಂದಲೋ ತಂದ ಎರಡು ಕಾಟನ್ ಅಂಗಿಗಳನ್ನೇ ತೊಡುತ್ತಿದ್ದ. ಆರಿಸಿಕೊಟ್ಟವರು ಯಾರು?

ಒಂದು ಬೆಳಿಗ್ಗೆ ಬೇಕೆಂದೇ ಅವೆರಡನ್ನೂ ನೆನೆಸಿ, ಹೊಳಪಿನ ಅಂಗಿಯನ್ನು ಚಾಚಿದಳು.

"ಇದನ್ನ ಹಾಕ್ಕೊಳ್ಳಿ."

"ಅದ್ಯಾಕೆ ಎರಡೂ ನೆನೆಸ್ದೆ?"

"ಯಾಕೆ, ಇದ್ರಲ್ಲಿ ಯಾರಿಗಾದ್ರೂ ಚೆನ್ನಾಗಿ ಕಾಣಲ್ವಾ?"

ಅವನು ಬಕೆಟ್ಟಿನಿಂದ ಒಂದನ್ನೆತ್ತಿ ಹಿಂಡಿ, ಒದ್ದೆಯನ್ನೇ ತೊಟ್ಟು, ಊಟದ ಡಬ್ಬಿಯನ್ನೂ ಮರೆತು ಹೊರಟುಹೋದ.

ಮಧ್ಯಾಹ್ನ ಆ ಡಬ್ಬಿಯ ನೆಪ ಹಿಡಿದು ಲಗ್ಗೆರೆಯ ಮನೆಯಿಂದ ಕಾರ್ಖಾನೆಯ ಗೇಟಿಗೆ ಬಂದಳು. ಇವತ್ತು ನೋಡಿಯೇ ಬಿಡಬೇಕು.

"ಮುರಳಿನಾ? ಸಾಲ್ವೆಂಟ್ ಕಡೆ ಅವ್ನೆ ಕಣಮ್ಮ, ಕರೆಸ್ತೀನಿ" ಎಂದ ಕಾವಲುಗಾರ ಗಂಗಪ್ಪ. ಅವನ ಹಿಂದಿನ ಗೂಡುಗಳಲ್ಲಿ ಸಾಲಾಗಿ ಫೋನುಗಳು. ಮೂಲೆ ಒಡೆದದ್ದು ಮುರಳಿಯದು.

"ಇದ್ಯಾಕೆ ಇಲ್ಲಿದೆ?"

"ಫೋನು, ಉಂಗ್ರ, ನೈಲಾನ್, ಟೆರಿಕಾಟ್ ಬಟ್ಟೆ, ಏನೂ ಒಳಗೆ ಓಗಂಗಿಲ್ಲ. ತೌಡಿಗೆ ಸಾಲ್ವೆಂಟ್ ಬಿಟ್ಟು ಎಣ್ಣೆ ತೆಗೀತಾರಲ್ಲ, ಅದು ಪೆಟ್ರೋಲ್ ಇದ್ದಂಗೆ. ಬಟ್ಟೆ ಉಜ್ಜಿ ಒಂದು ಕಿಡಿ ಬಂದ್ರೂ ಸಾಕು."

ಅಷ್ಟೇನಾ, ಎಂದು ಮನಸ್ಸು ಹಗುರಾಯಿತು. ಮರುಕ್ಷಣವೇ ಅಣ್ಣ ಈಶಪ್ಪನ ಸುಟ್ಟ ಮೈ ಕಣ್ಣೆದುರು ಬಂತು. ಅವನು ಬೇರೊಂದು ಎಣ್ಣೆ ಕಾರ್ಖಾನೆಯಲ್ಲಿ ಇದೇ ಸಾಲ್ವೆಂಟಿಗೆ ಬೆಂಕಿ ಹತ್ತಿ ಹೋದವನು. ಅಂದು ಮುರಳಿ ಅವಳ ಕೈ ಹಿಡಿದು, ಆ ಕಡೆ ಕಾಲಿಡುವುದಿಲ್ಲ ಎಂದು ಆಣೆ ಮಾಡಿದ್ದ. ಬೆಳಿಗ್ಗೆ ತಾನು ಚಾಚಿದ ಹೊಳಪಿನ ಅಂಗಿಯೂ ನೆನಪಾಯಿತು.

ಮುರಳಿ ಬಂದ. ಅಂಗಿ ಮೈಮೇಲೆಯೇ ಒಣಗಿತ್ತು.

"ಆಣೆ ಮಾಡಿದ್ರಿ" ಎಂದಳು.

"ಧೂಳು ಬಿಡದಿದ್ರೆ ಶ್ವಾಸಕೋಶ ಉಳಿಯಲ್ಲ ಅಂದ್ರು ಡಾಕ್ಟ್ರು. ಬೇರೆ ಕಡೆ ಜಾಗ ಇರ್ಲಿಲ್ಲ. ಹೇಳಿದ್ರೆ ಬಿಡ್ತಿದ್ಯಾ?"

"ಯಾವಳೋ ಇದಾಳೆ ಅನ್ಕೊಂಡೆ."

ಅವನು ನಕ್ಕುಬಿಟ್ಟ. "ಈ ಮೂತಿಗಾ?"

ಅವಳಿಗೆ ನಗು ಬರಲಿಲ್ಲ. ಯಾವಳೋ ಇದ್ದಿದ್ದರೆ ಜುಟ್ಟು ಹಿಡಿದು ಜಗಳವಾಡಬಹುದಿತ್ತು. ಇದರ ಜುಟ್ಟು ಎಲ್ಲಿದೆ? ಆ ಕೆಲಸ ಬಿಡಿ ಎಂದರೆ ಕೆಮ್ಮು ಮತ್ತೆ ಮನೆಗೆ ಬರುತ್ತದೆ.

ಸಂಜೆ ಕಾಟನ್ ಅಂಗಿಯಿಂದ ಒಂದು ಎಳೆ ಕಿತ್ತು ಸ್ಟೌವಿನ ಉರಿಗೆ ಹಿಡಿದಳು. ಸೀರೆ ಕೊಳ್ಳುವಾಗ ಅಮ್ಮ ಹೀಗೇ ಪರೀಕ್ಷಿಸುತ್ತಿದ್ದಳು. ಎಳೆ ಬೂದಿಯಾಗಿ ಉದುರಿತು. ನಿಜವಾದ ಹತ್ತಿ. ಅಷ್ಟಕ್ಕೆ ಬಿಡದೆ ಅಂಚಿನ ಹೊಲಿಗೆಯ ದಾರವನ್ನೂ ಹಿಡಿದಳು. ಅದು ಮುದುಡಿ, ಕರಗಿ, ಕಪ್ಪು ಮಣಿಯಾಯಿತು.

"ಏನ್ ಮಾಡ್ತಿದೀಯೇ?"

"ಹೊಲಿಗೆ ದಾರ ನೈಲಾನು."

"ಅಷ್ಟಕ್ಕೆಲ್ಲ ಏನೂ ಆಗಲ್ಲ ಕಣೇ."

"ಬೆರಳು ಊದಿದೆ ಅಂದಿದ್ದೂ ನೀವೇ."

ಹತ್ತಿ ದಾರದ ಉಂಡೆಯನ್ನು ಮಡಿಲಿಗೆ ಹಾಕಿಕೊಂಡು, ಅವಳು ಕಾಲರಿನಿಂದ ಹೊಲಿಗೆ ಬಿಚ್ಚತೊಡಗಿದಳು.